ಹೊಸ ದಂತವೈದ್ಯರು ಎಲ್ಲಿ ನೆಲೆಸುತ್ತಾರೆ? ಅದರಿಂದ ನಿಮ್ಮ ಚಿಕಿತ್ಸೆಗೆ ಏನು ವ್ಯತ್ಯಾಸ?

ನೀವು ಪುಣೆಯಲ್ಲೋ ಚೆನ್ನೈನಲ್ಲೋ ಇದ್ದರೆ, ಮನೆಯಿಂದ ಬಸ್ ನಿಲ್ದಾಣಕ್ಕೆ ನಡೆಯುವಷ್ಟರಲ್ಲಿ ಎರಡು ಮೂರು ಡೆಂಟಲ್ ಕ್ಲಿನಿಕ್‌ಗಳ ಬೋರ್ಡು ಕಾಣಬಹುದು. ಊರಿನಲ್ಲಿರುವ ನಿಮ್ಮ ತಂದೆ ತಾಯಿಗೆ ಹಲ್ಲುನೋವು ಬಂದರೆ ಮಾತ್ರ ತಾಲ್ಲೂಕು ಕೇಂದ್ರಕ್ಕೆ ಹೋಗಬೇಕು. ವರ್ಷಕ್ಕೆ ಸಾವಿರಾರು ಮಂದಿ ದಂತವೈದ್ಯರಾಗಿ ಹೊರಬರುವ ದೇಶದಲ್ಲಿ ಹೀಗೇಕೆ? ಇದನ್ನು ತಿಳಿದುಕೊಂಡರೆ ಯಾವ ಕ್ಲಿನಿಕ್‌ಗೆ ಹೋಗಬೇಕು, ಅಲ್ಲಿ ಏನು ಕೇಳಬೇಕು ಎಂಬುದು ನಿಮಗೆ ಸುಲಭವಾಗುತ್ತದೆ.

ಪದವಿ ಮುಗಿದ ಮೇಲೆ ಇರುವ ದಾರಿಗಳು

ಬಿಡಿಎಸ್ ಪದವಿಗೆ ಒಂದು ವರ್ಷದ ಇಂಟರ್ನ್‌ಶಿಪ್ ಸೇರಿ 5 ವರ್ಷ ಬೇಕು. ಎಂಡಿಎಸ್ ಮಾಡಿದರೆ ಇನ್ನೂ 3 ವರ್ಷ. ದೇಶದಲ್ಲಿ 300ಕ್ಕೂ ಹೆಚ್ಚು ದಂತ ಕಾಲೇಜುಗಳಿವೆ, ಬಹುಪಾಲು ಖಾಸಗಿ. ಅತಿ ಹೆಚ್ಚು ಕಾಲೇಜುಗಳಿರುವ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಹಾಗಾಗಿ ನೀವು ಯಾವ ನಗರದಲ್ಲಿದ್ದರೂ ಬೆಂಗಳೂರು, ಮಂಗಳೂರು, ದಾವಣಗೆರೆಗಳಲ್ಲಿ ಓದಿದ ದಂತವೈದ್ಯರು ಸಿಗುವುದು ಅಪರೂಪವೇನಲ್ಲ.

ಪದವಿ ಪಡೆದವರ ಮುಂದೆ ಕೆಲವೇ ದಾರಿಗಳಿವೆ. ಸರ್ಕಾರಿ ಹುದ್ದೆಗಳು ಕಡಿಮೆ, ಸ್ಪರ್ಧೆ ಹೆಚ್ಚು. ಸ್ವಂತ ಕ್ಲಿನಿಕ್ ತೆರೆಯಲು ಡೆಂಟಲ್ ಚೇರ್, ಕಂಪ್ರೆಸರ್, ಎಕ್ಸ್-ರೇ ಯಂತ್ರ, ಉಪಕರಣಗಳನ್ನು ಕ್ರಿಮಿಶುದ್ಧಿ ಮಾಡುವ ಆಟೊಕ್ಲೇವ್, ಅಂಗಡಿ ಮಳಿಗೆಯ ಅಡ್ವಾನ್ಸ್ ಎಲ್ಲಕ್ಕೂ ಹಣ ಬೇಕು. ಖಾಸಗಿ ಕಾಲೇಜಿನ ಶುಲ್ಕಕ್ಕೆ ಮಾಡಿದ ಸಾಲ ಇನ್ನೂ ತೀರಿರುವುದಿಲ್ಲ. ಆದ್ದರಿಂದ ಅನೇಕರು ಮೊದಲ ಕೆಲವು ವರ್ಷ ಹಿರಿಯರ ಕ್ಲಿನಿಕ್‌ನಲ್ಲೋ, ಹಲವು ಶಾಖೆಗಳಿರುವ ಕಂಪನಿಗಳ ಕ್ಲಿನಿಕ್‌ನಲ್ಲೋ ಸಂಬಳಕ್ಕೆ ಅಥವಾ ಮಾಡಿದ ಚಿಕಿತ್ಸೆಯ ಪಾಲಿಗೆ ದುಡಿಯುತ್ತಾರೆ. ಕೆಲವರು ಎಂಡಿಎಸ್‌ಗೆ ಓದುತ್ತಾರೆ, ಕೆಲವರು ವಿದೇಶಕ್ಕೆ ಹೋಗುತ್ತಾರೆ.

ನಗರವೇ ಏಕೆ?

ಮುಖ್ಯ ಕಾರಣ ಹಣ ಬರುವ ದಾರಿ. ಸಾಮಾನ್ಯ ಆರೋಗ್ಯ ವಿಮೆಗಳಲ್ಲಿ ಅಪಘಾತದ ಗಾಯ ಬಿಟ್ಟರೆ ಹಲ್ಲಿನ ಚಿಕಿತ್ಸೆ ಹೆಚ್ಚಾಗಿ ಸೇರಿರುವುದಿಲ್ಲ. ರೂಟ್ ಕೆನಾಲ್, ಕ್ಯಾಪ್, ಹಲ್ಲು ಸೆಟ್ ಎಲ್ಲವನ್ನೂ ನೀವು ಜೇಬಿನಿಂದಲೇ ಕೊಡಬೇಕು. ಆದ್ದರಿಂದ ಕೈಯಲ್ಲಿ ಹಣ ಓಡಾಡುವ ಬಡಾವಣೆಗಳ ಬಳಿ ಕ್ಲಿನಿಕ್‌ಗಳು ಸೇರುತ್ತವೆ. ಹಳ್ಳಿಯಲ್ಲಿ ನೋವು ತಡೆಯಲಾಗದ ದಿನ ಮಾತ್ರ ಜನ ಬರುತ್ತಾರೆ, ಆಗಲೂ ಹಲ್ಲು ಕೀಳಿಸಿಕೊಂಡು ಹೋಗುವವರೇ ಹೆಚ್ಚು. ಅಷ್ಟರಿಂದ ಕ್ಲಿನಿಕ್ ನಡೆಸುವುದು ಕಷ್ಟ. ಜೊತೆಗೆ ಕ್ಯಾಪ್, ಸೆಟ್ ತಯಾರಿಸುವ ಲ್ಯಾಬ್, ಯಂತ್ರ ಕೆಟ್ಟರೆ ರಿಪೇರಿಗೆ ಬರುವವರು, ಸಲಹೆಗೆ ತಜ್ಞರು, ಮಕ್ಕಳ ಶಾಲೆ ಎಲ್ಲವೂ ನಗರದಲ್ಲಿಯೇ ಇರುತ್ತವೆ.

ಇದರಿಂದ ನಿಮಗೇನು?

ನಗರದಲ್ಲಿ ಕ್ಲಿನಿಕ್‌ಗಳು ಹೆಚ್ಚಿದ್ದಷ್ಟೂ ನಿಮಗೆ ಆಯ್ಕೆ ಹೆಚ್ಚು. ಆದರೆ ಎರಡು ವಿಷಯ ಗಮನಿಸಿ.

ಮೊದಲನೆಯದು, ವೈದ್ಯರು ಬದಲಾಗುವುದು. ಸಂಬಳಕ್ಕೆ ಇರುವ ಕಿರಿಯ ವೈದ್ಯರು ಒಂದೆರಡು ವರ್ಷದಲ್ಲಿ ಬೇರೆಡೆ ಹೋಗಬಹುದು. ರೂಟ್ ಕೆನಾಲ್ ಮಾಡುವ ತಜ್ಞರು ವಾರಕ್ಕೆ ಕೆಲವು ದಿನ ಮಾತ್ರ ಬರುವ ಕ್ಲಿನಿಕ್‌ಗಳೂ ಇವೆ. ಹಲ್ಲಿಗೆ ಕ್ಲಿಪ್ ಹಾಕಿಸುವ ಚಿಕಿತ್ಸೆ ಒಂದೂವರೆ, ಎರಡು ವರ್ಷ ನಡೆಯುತ್ತದೆ. ಆದ್ದರಿಂದ ಶುರು ಮಾಡುವ ಮೊದಲೇ ಕೇಳಿ: ಚಿಕಿತ್ಸೆ ಮಾಡುವವರು ಯಾರು? ಅವರು ಬಿಟ್ಟು ಹೋದರೆ ಮುಂದುವರಿಸುವವರು ಯಾರು? ಎಕ್ಸ್-ರೇ ಮತ್ತು ಚಿಕಿತ್ಸೆಯ ವಿವರದ ಪ್ರತಿ ಕೇಳಿ ಪಡೆದುಕೊಳ್ಳಿ. ನೀವೇ ಊರು ಬದಲಿಸಿದರೂ ಅದು ಬೇಕಾಗುತ್ತದೆ.

ಎರಡನೆಯದು, ಖರ್ಚು. ಬಾಡಿಗೆ, ಸಾಲದ ಕಂತು, ಪಕ್ಕದ ಕ್ಲಿನಿಕ್‌ನ ಪೈಪೋಟಿ ಎಲ್ಲವೂ ವೈದ್ಯರ ಮೇಲಿರುತ್ತದೆ. ಹೆಚ್ಚಿನವರು ಪ್ರಾಮಾಣಿಕವಾಗಿಯೇ ಸಲಹೆ ಕೊಡುತ್ತಾರೆ. ಆದರೂ ದೊಡ್ಡ ಪಟ್ಟಿ ಕೊಟ್ಟಾಗ, "ಇದರಲ್ಲಿ ಈಗಲೇ ಆಗಬೇಕಾದ್ದು ಯಾವುದು, ಕಾಯಬಹುದಾದದ್ದು ಯಾವುದು? ಮಾಡಿಸದಿದ್ದರೆ ಏನಾಗುತ್ತದೆ?" ಎಂದು ಕೇಳಿ. ಬರವಣಿಗೆಯಲ್ಲಿ ಅಂದಾಜು ಪಡೆಯಿರಿ. ಊತ, ಜ್ವರ, ತೀವ್ರ ನೋವು ಇಲ್ಲದಿದ್ದರೆ ಇನ್ನೊಬ್ಬ ವೈದ್ಯರ ಅಭಿಪ್ರಾಯ ಕೇಳಲು ಸಮಯವಿರುತ್ತದೆ.

ಹೊಸಬರೆಂದು ಹಿಂಜರಿಯಬೇಕೇ?

ಬೇಕಾಗಿಲ್ಲ. ಹಲ್ಲು ಕ್ಲೀನಿಂಗ್, ಹುಳುಕು ತುಂಬುವುದು, ಸರಳವಾಗಿ ಹಲ್ಲು ಕೀಳುವುದು ಬಿಡಿಎಸ್ ವೈದ್ಯರು ಕಲಿತೇ ಬಂದಿರುವ ಕೆಲಸ. ಮೂಳೆಯೊಳಗೆ ಅಡ್ಡ ಸಿಕ್ಕಿಕೊಂಡ ಬುದ್ಧಿಹಲ್ಲು, ಒಮ್ಮೆ ಮಾಡಿ ವಿಫಲವಾದ ರೂಟ್ ಕೆನಾಲ್, ವಕ್ರ ಹಲ್ಲುಗಳ ಜೋಡಣೆಗೆ ಆಯಾ ವಿಭಾಗದ ಎಂಡಿಎಸ್ ತಜ್ಞರನ್ನು ಕಾಣುವುದು ಒಳ್ಳೆಯದು. "ಇದಕ್ಕೆ ತಜ್ಞರ ಬಳಿ ಹೋಗಿ" ಎಂದು ಕಳುಹಿಸುವ ಕಿರಿಯ ವೈದ್ಯರ ಮೇಲೆ ನಿಮ್ಮ ನಂಬಿಕೆ ಹೆಚ್ಚಬೇಕೇ ಹೊರತು ಕಡಿಮೆಯಾಗಬಾರದು. ಯಾರ ಬಳಿ ಹೋದರೂ ರಾಜ್ಯ ದಂತ ಪರಿಷತ್ತಿನ ನೋಂದಣಿ ಸಂಖ್ಯೆ ಇದೆಯೇ ನೋಡಿ. ಅದನ್ನು ಕೇಳಿದರೆ ಯಾರಿಗೂ ಅವಮಾನವಲ್ಲ.

ಖರ್ಚು ಹೆಚ್ಚೆನಿಸಿದರೆ

ದಂತ ಕಾಲೇಜುಗಳ ಆಸ್ಪತ್ರೆಯಲ್ಲಿ ಚಿಕಿತ್ಸೆಯ ದರ ಖಾಸಗಿ ಕ್ಲಿನಿಕ್‌ಗಿಂತ ಸಾಮಾನ್ಯವಾಗಿ ಕಡಿಮೆ. ವಿದ್ಯಾರ್ಥಿಗಳು ಮತ್ತು ಇಂಟರ್ನ್‌ಗಳು ಅಧ್ಯಾಪಕರ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡುತ್ತಾರೆ. ಮುಂಬೈಯಲ್ಲಿ ನಾಯರ್ ಆಸ್ಪತ್ರೆಯ ದಂತ ಕಾಲೇಜು, ದೆಹಲಿಯಲ್ಲಿ ಮೌಲಾನಾ ಆಜಾದ್ ದಂತ ವಿಜ್ಞಾನ ಸಂಸ್ಥೆ, ಚೆನ್ನೈ ಮತ್ತು ಹೈದರಾಬಾದ್‌ಗಳಲ್ಲಿ ಸರ್ಕಾರಿ ದಂತ ಕಾಲೇಜುಗಳಿವೆ. ಸರದಿ ಉದ್ದವಿರುತ್ತದೆ, ಹಲವು ಬಾರಿ ಹೋಗಬೇಕಾಗುತ್ತದೆ. ಬೆಳಿಗ್ಗೆ ಬೇಗ ಹೋಗಿ.

ಊರಿನಲ್ಲಿರುವ ಹಿರಿಯರಿಗಾಗಿ

ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಾಮಾನ್ಯವಾಗಿ ದಂತವೈದ್ಯರು ಇರುವುದಿಲ್ಲ. ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ಇಂತಹ ಆಸ್ಪತ್ರೆಗಳ ದಂತ ವಿಭಾಗಕ್ಕೆ ಬಲ ಕೊಡಲೆಂದೇ ಕೇಂದ್ರ ಸರ್ಕಾರ 2014–15ರಲ್ಲಿ ರಾಷ್ಟ್ರೀಯ ಬಾಯಿ ಆರೋಗ್ಯ ಕಾರ್ಯಕ್ರಮ ಆರಂಭಿಸಿತು. ಹೊರಡುವ ಮೊದಲು ವೈದ್ಯರು ಬರುವ ದಿನ ತಿಳಿದುಕೊಳ್ಳಿ.

ಸಂತೆಯಲ್ಲೋ ರಸ್ತೆ ಬದಿಯಲ್ಲೋ ಅಗ್ಗಕ್ಕೆ ಹಲ್ಲು ಕಟ್ಟುವವರ ಬಳಿ ಅವರನ್ನು ಹೋಗಗೊಡಬೇಡಿ. ಹಾಗೆ ಅಂಟಿಸಿದ ಹಲ್ಲಿನ ಕೆಳಗೆ ಆಹಾರ ಕೊಳೆತು ವಸಡು ಕೆಡುತ್ತದೆ, ಗಟ್ಟಿ ಇದ್ದ ಅಕ್ಕಪಕ್ಕದ ಹಲ್ಲೂ ಸಡಿಲವಾಗುತ್ತದೆ. ಅವರು ನಿಮ್ಮ ಮನೆಗೆ ಬಂದಾಗ ಒಮ್ಮೆ ಹಲ್ಲು ತೋರಿಸಿಬಿಡಿ. ಸಕ್ಕರೆ ಕಾಯಿಲೆ, ಬಿಪಿ, ರಕ್ತ ತೆಳುವಾಗಿಸುವ ಮಾತ್ರೆಗಳ ಚೀಟಿ ಜೊತೆಗಿರಲಿ. ಹಲ್ಲು ಕೀಳಿಸಲೆಂದು ಆ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ನಿಲ್ಲಿಸಬಾರದು.

ತಡ ಮಾಡಬಾರದ ಲಕ್ಷಣಗಳು

ದವಡೆ ಅಥವಾ ಗದ್ದದ ಕೆಳಗೆ ಊತ, ಜೊತೆಗೆ ಜ್ವರ, ಬಾಯಿ ತೆರೆಯಲು, ನುಂಗಲು ಅಥವಾ ಉಸಿರಾಡಲು ಕಷ್ಟ ಎಂದರೆ ದಂತವೈದ್ಯರು ಸಿಗಲಿ ಎಂದು ಕಾಯಬೇಡಿ. ತಕ್ಷಣ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ. ಹಲ್ಲಿನ ಸೋಂಕು ಕುತ್ತಿಗೆಗೆ ಇಳಿದರೆ ಜೀವಕ್ಕೇ ಅಪಾಯ. ಎರಡು ವಾರವಾದರೂ ಮಾಯದ ಬಾಯಿಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ ಕಂಡರೆ, ನೋವಿಲ್ಲದಿದ್ದರೂ ತೋರಿಸಿ. ತಂಬಾಕು, ಗುಟ್ಕಾ, ಅಡಿಕೆ ಅಭ್ಯಾಸವಿದ್ದವರು ಒಂದು ದಿನವೂ ಮುಂದೂಡಬಾರದು.