ವಾಂತಿಯ ಮದ್ದು, ತಿರುಚಿದ ಕತ್ತು

ವಾಂತಿಯನ್ನು ಹೊಟ್ಟೆಯ ಕಾಯಿಲೆಯೆಂದೇ ಜನ ತಿಳಿದಿದ್ದರೂ ಅದರ ಅಪ್ಪಣೆ ಹೊರಡುವುದು ಮಿದುಳಿನಿಂದ. ಮಿದುಳಿನ ಕಾಂಡದಲ್ಲಿ ಏರಿಯಾ ಪೋಸ್ಟ್ರೀಮಾ ಎಂಬ ಪುಟ್ಟ ಭಾಗವಿದ್ದು, ರಕ್ತದಲ್ಲಿನ ಹಲವು ವಸ್ತುಗಳು ಒಳನುಗ್ಗದಂತೆ ಮಿದುಳನ್ನು ಕಾಯುವ ತಡೆ ಅಲ್ಲಿ ಸಡಿಲವಾಗಿರುವುದರಿಂದ, ರಕ್ತಕ್ಕೆ ಸೇರಿದ ವಿಷದ ಸುಳಿವು ಅದಕ್ಕೆ ಬೇಗ ಸಿಗುತ್ತದೆ. ನರಕೋಶಗಳ ನಡುವೆ ಸಂದೇಶ ಒಯ್ಯುವ ಡೋಪಮಿನ್ ಎಂಬ ರಾಸಾಯನಿಕ ಇಲ್ಲಿ ವಾಂತಿಯನ್ನು ಪ್ರಚೋದಿಸುತ್ತದೆ, ಜಠರದ ಚಲನೆಯನ್ನೂ ನಿಧಾನಗೊಳಿಸುತ್ತದೆ. 1960ರ ದಶಕದಿಂದ ಬಳಕೆಯಲ್ಲಿರುವ ಮೆಟೊಕ್ಲೋಪ್ರಮೈಡ್ ಈ ಡೋಪಮಿನ್ನಿನ ಕೆಲಸವನ್ನು ತಡೆದು ವಾಂತಿ ನಿಲ್ಲಿಸುತ್ತದೆ.

ಆದರೆ ಈ ಮದ್ದು ಆ ತಡೆಯನ್ನು ದಾಟಿ ಮಿದುಳಿನ ಆಳಕ್ಕೂ ಇಳಿಯುತ್ತದೆ. ಅಲ್ಲಿ ಸ್ನಾಯುಗಳ ಚಲನೆಯನ್ನು ಹದದಲ್ಲಿಡುವುದು ಡೋಪಮಿನ್ ಮತ್ತು ಅಸಿಟೈಲ್‌ಕೋಲಿನ್ ಎಂಬ ಎರಡು ರಾಸಾಯನಿಕಗಳ ಸಮತೋಲವಾದ್ದರಿಂದ, ಒಂದರ ದಾರಿ ಮುಚ್ಚಿದೊಡನೆ ಇನ್ನೊಂದರ ಕೈ ಮೇಲಾಗಿ, ಕೆಲವರಲ್ಲಿ, ಅದರಲ್ಲೂ ಮಕ್ಕಳು ಮತ್ತು ಹರೆಯದವರಲ್ಲಿ, ಅಕ್ಯೂಟ್ ಡಿಸ್ಟೋನಿಯಾ ಎಂಬ ಸ್ನಾಯು ಸೆಳೆತ ಕಾಣಿಸಿಕೊಳ್ಳುತ್ತದೆ. ಕತ್ತು ಒಂದು ಪಕ್ಕಕ್ಕೆ ತಿರುಚಿಕೊಂಡು ನಿಲ್ಲುತ್ತದೆ, ಕಣ್ಣುಗುಡ್ಡೆ ಮೇಲಕ್ಕೆ ಸಿಕ್ಕಿಕೊಳ್ಳುತ್ತದೆ, ದವಡೆ ಬಿಗಿದು ನಾಲಿಗೆ ಹೊರಚಾಚಿ ಮಾತು ತೊದಲುತ್ತದೆ. ವಾಂತಿಗೆಂದು ಸೂಜಿ ಹಾಕಿಸಿಕೊಂಡು ಮನೆಗೆ ಮರಳಿದ ಹುಡುಗಿಗೆ ಹೀಗಾದರೆ, ಗಾಳಿ ಮೆಟ್ಟಿಕೊಂಡಿದೆ ಎಂದು ತಾಯತಕ್ಕೂ ಬೇವಿನ ಸೊಪ್ಪಿಗೂ ಓಡುವವರು ಇಂದಿಗೂ ಇದ್ದಾರೆ. ಇದು ಅಕ್ಷಮ್ಯ ಅಜ್ಞಾನ. ಆ ಹುಡುಗಿಗೆ ಪ್ರಜ್ಞೆ ಪೂರ್ತಿ ಇರುತ್ತದೆ, ತನ್ನ ಸುತ್ತ ಆಡುವ ಪ್ರತಿಯೊಂದು ಮಾತೂ ಅವಳಿಗೆ ಕೇಳಿಸುತ್ತಿರುತ್ತದೆ.

ಈ ಎಚ್ಚರವನ್ನೇ ಹಿಡಿದು ಇದು ಫಿಟ್ಸ್ ಅಲ್ಲವೆಂದು ಮೊದಲು ಗುರುತಿಸಬಲ್ಲವರು ಆಸ್ಪತ್ರೆಯಲ್ಲಿ ಹಾಸಿಗೆಯ ಬಳಿ ಇರುವ ದಾದಿಯರು. ಹಿಂದಿನ ಒಂದೆರಡು ದಿನಗಳಲ್ಲಿ ಯಾವ ಮದ್ದು ಕೊಡಲಾಗಿತ್ತೆಂದು ಕೇಸ್ ಶೀಟಿನಲ್ಲಿ ನೋಡಿ ಅವರು ವೈದ್ಯರಿಗೆ ತಿಳಿಸಿದರೆ, ಅಸಿಟೈಲ್‌ಕೋಲಿನ್ನನ್ನು ಹತ್ತಿಕ್ಕುವ ಪ್ರೊಮೆಥಾಜಿನ್‌ನಂಥ ಚುಚ್ಚುಮದ್ದಿನಿಂದ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಕತ್ತು ನೆಟ್ಟಗಾಗುತ್ತದೆ. ಈ ಚುಚ್ಚುಮದ್ದಿನ ಪ್ರಭಾವ ಇಳಿದ ಮೇಲೆ ಸೆಳೆತ ಮರುಕಳಿಸಬಹುದಾದ್ದರಿಂದ ನಿಗಾ ಮಾತ್ರ ಮುಂದುವರಿಯಬೇಕು. ಮೆಟೊಕ್ಲೋಪ್ರಮೈಡನ್ನು ರಕ್ತನಾಳಕ್ಕೆ ಕನಿಷ್ಠ 3 ನಿಮಿಷ ಹಿಡಿದು ನಿಧಾನವಾಗಿ ಕೊಡಬೇಕೆಂಬ ನಿಯಮದ ಹಿಂದೆಯೂ ಮಿದುಳಿನ ರಸಾಯನವೇ ಇದೆ: ಒಮ್ಮೆಲೇ ತಳ್ಳಿದರೆ ರೋಗಿ ಕೂರಲಾರದೆ ನಿಲ್ಲಲಾರದೆ ಚಡಪಡಿಸುತ್ತಾನೆ. ಡೋಪಮಿನ್ನಿನ ಕೊರತೆಯಿಂದಲೇ ನರಳುವ ಪಾರ್ಕಿನ್ಸನ್ ರೋಗಿಗಳಿಗಂತೂ ಈ ಮದ್ದು ಕೂಡದು.

ಒಮ್ಮೆ ಹೀಗೆ ಸೆಳೆತ ಬಂದವರು ಆ ಮದ್ದಿನ ಹೆಸರನ್ನು ಬರೆದಿಟ್ಟುಕೊಂಡು, ಮುಂದೆ ಯಾವ ಆಸ್ಪತ್ರೆಗೆ ಹೋದರೂ ಸೂಜಿ ಹಾಕುವ ಮೊದಲೇ ತಿಳಿಸಬೇಕು.