ಒಬ್ಬನಿಗಾಗುವಷ್ಟು ಗೂಡು

ಬೆಂಗೇರಿ ಎಂದೊಡನೆ ರಾಷ್ಟ್ರಧ್ವಜದ ಖಾದಿ ನೆನಪಾಗುತ್ತದೆ; 1957ರಲ್ಲಿ ಸ್ಥಾಪಿತವಾದ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದ ನೆಲೆ ಅದು. ಅಲ್ಲಿಯ ಶನಿವಾರದ ಸಂತೆಯೂ ಹೆಸರಾದುದೇ. ಸಂತೆಯ ಸರಕನ್ನೋ ಅರ್ಧ ಕಟ್ಟಿದ ಮನೆಯನ್ನೋ ಕಾಯುತ್ತ ಇರುಳು ಕಳೆಯುವ ಒಂಟಿ ಮನುಷ್ಯನಿಗೆ ಮಲಗಲು ಒಂದು ಗೂಡನ್ನು ನಮ್ಮ ಕುಟುಂಬಗಳು ಕಟ್ಟಿಕೊಡಬಹುದೇ?

ಸಾಮಾನ್ಯವಾಗಿ ಇಂಥವರಿಗೆ ದೊರೆಯುವುದು ತಗಡಿನ ಶೆಡ್ಡು. ಮಳೆಯನ್ನು ಅದು ತಡೆದೀತು. ಆದರೆ ಏಪ್ರಿಲ್‌ನಲ್ಲಿ ರೊಟ್ಟಿಯ ಹಂಚಿನಂತೆ ಕಾಯುತ್ತದೆ, ಡಿಸೆಂಬರಿನ ನಸುಕಿನಲ್ಲಿ ಕೊರೆಯುತ್ತದೆ. ನಮ್ಮ ಅಜ್ಜಿಯಂದಿರ ಕೌದಿಯೇ ಅದಕ್ಕಿಂತ ಜಾಣ. ಹಳೆಯ ಬಟ್ಟೆಯ ಪದರುಗಳ ನಡುವೆ ನಿಂತ ಗಾಳಿ ಮೈಯ ಬಿಸಿಯನ್ನು ಹೊರಬಿಡದು. ಥರ್ಮಾಕೋಲಿನ ಗುಟ್ಟೂ ಇಷ್ಟೇ. ಅದರ ಗಾತ್ರದಲ್ಲಿ ನೂರಕ್ಕೆ ಸುಮಾರು 98 ಪಾಲು ಬರಿಯ ಗಾಳಿ.

8 ಅಡಿ ಉದ್ದ, 4 ಅಡಿ ಅಗಲ, 2 ಇಂಚು ದಪ್ಪದ ಐದು ಗಟ್ಟಿ ಹಾಳೆಗಳು ಸಾಕು. ನೆಲಕ್ಕೆ ಒಂದು, ಗೋಡೆಗಳಿಗೆ ಎರಡು, ಮಾಡಿಗೆ ಒಂದು. ಐದನೆಯದನ್ನು ಎರಡಾಗಿ ಕೊಯ್ದರೆ ತಲೆಯ ಕಡೆಗೂ ಕಾಲಿನ ಕಡೆಗೂ ಆಯಿತು. ನಿಲ್ಲಲಾಗದು, ಆದರೆ ಕುಳಿತುಕೊಳ್ಳಬಹುದು. ಇಟ್ಟಿಗೆಯ ಮೇಲೆ ಎತ್ತರಿಸಿ, ನೆಲದ ಹಾಳೆಯ ಅಡಿಗೂ ಮೇಲಕ್ಕೂ ಮರದ ಹಲಗೆ ಹಾಸಿ, ಮೇಲ್ಗಡೆ ಇಳಿಜಾರಾಗಿ ತಾಡಪತ್ರಿ ಹೊದಿಸಬೇಕು. ಪೆಟ್ರೋಲ್ ಮೂಲದ ಗೋಂದು ತಾಗಿದರೆ ಹಾಳೆ ಕರಗಿಹೋಗುತ್ತದೆ. ಮಲಗಿದವನ ದೇಹವೇ ಸುಮಾರು 70 ವ್ಯಾಟ್ ಶಾಖವನ್ನು ಕೊಡುವುದರಿಂದ ಚಳಿಗಾಲಕ್ಕೆ ಬೇರೆ ಬೆಂಕಿ ಬೇಡ.

ಬೆಂಕಿಯೇ ಇಲ್ಲಿ ನಿಜವಾದ ಭಯ. ಥರ್ಮಾಕೋಲು ಹೊತ್ತಿಕೊಂಡರೆ ಕರಗಿ ಉರಿದು ದಟ್ಟ ಕಪ್ಪು ಹೊಗೆಯನ್ನು ಕಾರುತ್ತದೆ. ಇಷ್ಟು ಕಿರಿದಾದ ಜಾಗದಲ್ಲಿ ಎಚ್ಚರಗೊಂಡು ಹೊರಬರಲು ಕ್ಷಣಗಳೂ ಸಿಗಲಾರವು. ಒಳಗೋಡೆಗಳಿಗೂ ಮಾಡಿನ ಒಳಮೈಗೂ ಸಿಮೆಂಟ್ ಶೀಟು ಬಡಿಯದೆ ಯಾರನ್ನೂ ಅದರಲ್ಲಿ ಮಲಗಿಸಬಾರದು. ಮೇಣದಬತ್ತಿ, ಬೀಡಿ, ಸೊಳ್ಳೆಬತ್ತಿ ಒಳಗೆ ಕೂಡದು. ಸೊಳ್ಳೆಗೆ ಪರದೆ ಇದೆ. ಬಾಗಿಲು ಹೊರಕ್ಕೆ ತೆರೆಯಬೇಕು, ಹೊರಗಿನಿಂದ ಚಿಲಕವಿರಬಾರದು. ಉಸಿರಿನ ಗಾಳಿ ಬದಲಾಗಲು ಒಂದು ತುದಿಯಲ್ಲಿ ಕೆಳಗೆ, ಇನ್ನೊಂದು ತುದಿಯಲ್ಲಿ ಮೇಲೆ ಗೇಣಗಲದ ಕಿಂಡಿಗಳು ಮುಚ್ಚದೆ ಇರಲಿ.

1783ರಲ್ಲಿ ರೋಮಿನಲ್ಲಿ ತೀರಿಕೊಂಡ ಸಂತ ಬೆನೆಡಿಕ್ಟ್ ಜೋಸೆಫ್ ಲಾಬ್ರೆಯವರು ಕೊಲೊಸಿಯಮ್ಮಿನ ಅವಶೇಷಗಳಲ್ಲಿ ಮಲಗುತ್ತಿದ್ದರು. ಅದನ್ನು ಮೆಚ್ಚಿ ಮಾತನಾಡುವುದು ಸುಲಭ. ನಮ್ಮ ಓಣಿಯಲ್ಲಿ ಹಾಗೆ ಮಲಗುವವನು ವ್ರತ ತೊಟ್ಟವನಲ್ಲ. ಲಕ್ಷ ಜನಸಂಖ್ಯೆಗೆ ಒಂದರಂತೆ ನಗರಗಳಲ್ಲಿ ವಸತಿರಹಿತರಿಗೆ ಆಶ್ರಯತಾಣವಿರಬೇಕೆಂದು ಸರ್ವೋಚ್ಚ ನ್ಯಾಯಾಲಯ 2010ರಲ್ಲಿ ನಿರ್ದೇಶಿಸಿತು. ಆ ಹಕ್ಕಿಗೆ ಐದು ಹಾಳೆಯ ಗೂಡು ಬದಲಿಯಲ್ಲ. ಆದುದರಿಂದ ಕಟ್ಟುವವರು ಜಾಗದ ಒಡೆಯರ ಒಪ್ಪಿಗೆಯನ್ನು ಮೊದಲು ಪಡೆದು, ಪಾಲಿಕೆಗೆ ಆಶ್ರಯತಾಣದ ಅರ್ಜಿಯನ್ನೂ ಜೊತೆಯಲ್ಲೇ ಸಲ್ಲಿಸಲಿ.