ಡ್ರೈವರ್ ತೆಗೆಯುವ ಮುನ್ನ ಒಂದು ಲೆಕ್ಕ

2025ರ ಅಕ್ಟೋಬರ್‌ನಲ್ಲಿ ದೆಹಲಿ ಗಾಲ್ಫ್ ಕ್ಲಬ್‌ನಲ್ಲಿ ಡಿಪಿ ವರ್ಲ್ಡ್ ಇಂಡಿಯಾ ಚಾಂಪಿಯನ್‌ಷಿಪ್ ನಡೆಯಿತು. ಅದೇ ವರ್ಷ ಮಾಸ್ಟರ್ಸ್ ಗೆದ್ದಿದ್ದ ರೋರಿ ಮೆಕಿಲ್‌ರಾಯ್ ಇಲ್ಲಿ ಆಡಲು ಬಂದಾಗ ಡ್ರೈವರನ್ನು ಬ್ಯಾಗಿಗೇ ಹಾಕಿಕೊಳ್ಳಲಿಲ್ಲ. ಡ್ರೈವರ್ ಹೊಡೆತಕ್ಕೇ ಹೆಸರಾದ ಆಟಗಾರ ಅವರು. ಆದರೆ ಆ ಕೋರ್ಸ್‌ನ ಫೇರ್‌ವೇಗಳು ಕಿರಿದು, ಪಕ್ಕದಲ್ಲೇ ಕೈ ಹಾಕಲಾಗದಷ್ಟು ದಟ್ಟ ಪೊದೆ. ಚೆಂಡು ಅದರೊಳಗೆ ಹೋದರೆ ಹುಡುಕುವ ಕೆಲಸ ಅಲ್ಲಿನ ನವಿಲುಗಳಿಗೆ ಬಿಟ್ಟದ್ದು.

ನಾವು ನಾಲ್ವರು ಕನ್ನಡಿಗರು ಆಡುವುದು ಅಷ್ಟು ದೊಡ್ಡ ಜಾಗದಲ್ಲಲ್ಲ. ಲಾಡೋ ಸರಾಯ್‌ನ ಡಿಡಿಎ ಕುತುಬ್ ಗಾಲ್ಫ್ ಕೋರ್ಸ್‌ನಲ್ಲಿ. ಮೆಂಬರ್ ಆಗಬೇಕಿಲ್ಲ, ಶುಲ್ಕ ಕಟ್ಟಿ ಆಡಬಹುದು. ಗುರುಗ್ರಾಮದ ಆಫೀಸಿನಲ್ಲಿ ವಾರವಿಡೀ ಹಿಂದಿ, ಇಂಗ್ಲಿಷ್. ಶನಿವಾರ ಬೆಳಿಗ್ಗೆಯ ಆ ನಾಲ್ಕು ತಾಸು ಮಾತ್ರ ಹೊಟ್ಟೆ ತುಂಬ ಕನ್ನಡ. ಹಾಗಾಗಿ ಗುಂಪಿನ ಹುಬ್ಬಳ್ಳಿಯ ಗೆಳೆಯ ಒಂದು ದಿನ ‘ಸೆಟ್ ಮಾರಿಬಿಡ್ತೀನಿ’ ಎಂದಾಗ ಉಳಿದ ಮೂವರಿಗೂ ದಿಗಿಲಾಯಿತು. ಅವನು ಪ್ರತಿ ಟೀಯಲ್ಲೂ, ಅಂದರೆ ಪ್ರತಿ ಹೋಲ್‌ನ ಮೊದಲ ಹೊಡೆತಕ್ಕೂ, ಹೊಸ ಡ್ರೈವರ್ ತೆಗೆಯುತ್ತಿದ್ದ. ಚೆಂಡುಗಳು ಕಳೆಯುತ್ತಿದ್ದವು. ಐರನ್ ತೆಗೆದುಕೊಳ್ಳಿ ಎಂದು ಕ್ಯಾಡಿ ಹೇಳಿದರೆ, ‘ಇಷ್ಟ್ ರೊಕ್ಕ ಕೊಟ್ಟು ತಂದೀನಿ, ಹೊಡೀಲಾರ್ದ ಬ್ಯಾಗಿನಾಗ ಇಟ್ಕೊಂಡು ಕುಂದ್ರಲೇನು?’ ಎಂದು ನಮ್ಮ ಕಡೆ ತಿರುಗಿ ಕೇಳುತ್ತಿದ್ದ.

ಈ ಪ್ರಶ್ನೆಗೆ ಉತ್ತರ ಅಂಕಿಯಲ್ಲೇ ಇದೆ. ಕೊಲಂಬಿಯಾ ಬಿಸಿನೆಸ್ ಸ್ಕೂಲ್‌ನ ಪ್ರೊಫೆಸರ್ ಮಾರ್ಕ್ ಬ್ರಾಡಿ ಪಿಜಿಎ ಟೂರ್ ಆಟಗಾರರ ದತ್ತಾಂಶ ಇಟ್ಟುಕೊಂಡು, ಎಲ್ಲಿಂದ ಹೊಡೆದರೆ ಚೆಂಡು ಕುಳಿ ಸೇರಲು ಸರಾಸರಿ ಎಷ್ಟು ಹೊಡೆತ ಬೇಕು ಎಂದು ಲೆಕ್ಕ ಹಾಕಿದ್ದಾರೆ. 2014ರ ಅವರ ‘ಎವ್ರಿ ಶಾಟ್ ಕೌಂಟ್ಸ್’ ಪುಸ್ತಕದಲ್ಲಿ ಆ ಕೋಷ್ಟಕವಿದೆ. ಫೇರ್‌ವೇಯಲ್ಲಿ ಕುಳಿಗೆ 160 ಗಜ ಉಳಿದಿದ್ದರೆ 2.98 ಹೊಡೆತ. 200 ಗಜ ಉಳಿದಿದ್ದರೆ 3.19. ಅದೇ 160 ಗಜವನ್ನು ರಫ್‌ನಿಂದ, ಅಂದರೆ ಪಕ್ಕದ ಉದ್ದ ಹುಲ್ಲಿನಿಂದ ಹೊಡೆದರೆ 3.23.

ಇದನ್ನು ಸ್ವಲ್ಪ ನಿಧಾನವಾಗಿ ನೋಡಿ. ಡ್ರೈವರ್ ಹೊಡೆದು ರಫ್‌ನಲ್ಲಿ 160 ಗಜಕ್ಕೆ ನಿಂತವನೂ, ಹೈಬ್ರಿಡ್ ಹೊಡೆದು 40 ಗಜ ಹಿಂದೆ ಫೇರ್‌ವೇಯಲ್ಲಿ ನಿಂತವನೂ ಹೆಚ್ಚುಕಡಿಮೆ ಸಮ. ಹಾಗಿದ್ದರೆ ಹುಲ್ಲಿಗೆ ಹೆದರಿ ಡ್ರೈವರ್ ಬಿಡುವುದರಲ್ಲಿ ಅರ್ಥವಿಲ್ಲ. ಹೆದರಬೇಕಾದದ್ದು ಬಿಳಿ ಗೂಟಗಳಿಗೆ. ಚೆಂಡು ಅವುಗಳಾಚೆ ಹೋದರೆ ಒಂದು ಹೊಡೆತ ದಂಡ, ಜೊತೆಗೆ ಮತ್ತೆ ಅದೇ ಜಾಗದಿಂದ ಹೊಡೆಯಬೇಕು. ರಫ್ ಕಸಿಯುವುದು ಕಾಲು ಹೊಡೆತ, ಗೂಟ ಕಸಿಯುವುದು ಎರಡು.

ಈಗ ಗೆಳೆಯನ ವಿಷಯ. ಅವನ ಡ್ರೈವರ್ ಹೈಬ್ರಿಡ್‌ಗಿಂತ ಸುಮಾರು 40 ಗಜ ಮುಂದೆ ಹೋಗುತ್ತದೆ. ಆ 40 ಗಜದ ಲಾಭ, ಮೇಲಿನ ಕೋಷ್ಟಕದಂತೆ, ಹತ್ತು ಹೋಲ್‌ಗೆ ಎರಡು ಹೊಡೆತ. ಹತ್ತರಲ್ಲಿ ಒಂದು ಚೆಂಡು ಗೂಟ ದಾಟಿದರೆ ಲಾಭವೂ ನಷ್ಟವೂ ಸರಿಸಮ. ಎರಡು ದಾಟಿದರೆ ಡ್ರೈವರ್ ಒಳಗಿರಲಿ. ಇವು ವೃತ್ತಿಪರರ ಅಂಕಿಗಳು. ನಮ್ಮಂಥವರಿಗೆ ದೂರದ ಬೆಲೆ ಇನ್ನೂ ಸ್ವಲ್ಪ ಹೆಚ್ಚು, ಹಾಗಾಗಿ ಒಂದಕ್ಕೆಲ್ಲ ಗಾಬರಿಯಾಗಬೇಕಿಲ್ಲ.

ಎಷ್ಟು ಚೆಂಡು ಆಚೆ ಹೋಗುತ್ತದೆ ಎಂದು ತಿಳಿಯುವುದು ಹೇಗೆ? ಡ್ರೈವಿಂಗ್ ರೇಂಜ್‌ನಲ್ಲಿ ಇಪ್ಪತ್ತು ಹೊಡೆದು, ಅತ್ಯುತ್ತಮವಾದ ಎರಡನ್ನು ಮರೆತು, ಉಳಿದವು ಎಡಬಲಕ್ಕೆ ಎಷ್ಟು ಅಗಲ ಹರಡಿವೆ ಎಂದು ನೋಡಿ. ಸರಾಸರಿ ರೆಸ್ಪಾನ್ಸ್ ಟೈಮ್ ತೋರಿಸಿ ‘ಸಿಸ್ಟಂ ಚೆನ್ನಾಗಿದೆ’ ಎನ್ನುವ ಮ್ಯಾನೇಜರ್ ನಿಮ್ಮಲ್ಲೂ ಇರಬಹುದು. ಗ್ರಾಹಕ ಬೈಯುವುದು ಆ ಕೊನೆಯ ಒಂದು ಪರ್ಸೆಂಟ್‌ಗೆ. ಟೀಯಲ್ಲೂ ಅಷ್ಟೇ. ಅಲ್ಲಿ ನಿಂತವನ ಕಣ್ಣಿಗೆ ಕಾಣುವುದು ಯಾವತ್ತೋ ಹೊಡೆದ ಒಂದು ಸೊಗಸಾದ ಚೆಂಡು.

ಹಾಗೆಂದು ಎಲ್ಲೆಡೆ ಐರನ್ ಹಿಡಿಯುವವರನ್ನೂ ನಾನು ಒಪ್ಪುವುದಿಲ್ಲ. 2006ರ ಬ್ರಿಟಿಷ್ ಓಪನ್‌ನಲ್ಲಿ, ಹೊಯ್ಲೇಕ್‌ನಲ್ಲಿ, ಟೈಗರ್ ವುಡ್ಸ್ 72 ಹೋಲ್‌ಗಳಲ್ಲಿ ಒಂದೇ ಒಂದು ಸಲ ಡ್ರೈವರ್ ಹೊಡೆದು ಗೆದ್ದರು ಎಂದು ಉದಾಹರಣೆ ಕೊಡುತ್ತಾರೆ. ಅಂದು ನೆಲ ಒಣಗಿ ಗಟ್ಟಿಯಾಗಿತ್ತು, ಐರನ್ ಹೊಡೆತವೂ ಉರುಳುತ್ತ ಬಹುದೂರ ಹೋಗುತ್ತಿತ್ತು. ಮಳೆಗಾಲದ ದೆಹಲಿಯಲ್ಲಿ ಚೆಂಡು ಬಿದ್ದಲ್ಲೇ ಕೂರುತ್ತದೆ. ಎರಡೂ ಬದಿ ಬರೀ ಹುಲ್ಲಿರುವ ಅಗಲ ಹೋಲ್‌ನಲ್ಲಿ ಡ್ರೈವರ್ ತೆಗೆಯದಿರುವುದು ಜಾಣತನವಲ್ಲ, ಪುಕ್ಕಲುತನ.

ಕ್ಲಬ್ ಆರಿಸಿದ ಮೇಲೆ ನಿಲ್ಲುವ ಜಾಗ. ಎರಡು ಗುರುತುಗಳ ನಡುವೆ ಎಲ್ಲಿ ಬೇಕಾದರೂ, ಹಿಂದಕ್ಕೆ ಎರಡು ಕ್ಲಬ್ ಉದ್ದದವರೆಗೂ ಟೀ ಊರಬಹುದು. ಬಲಗೈ ಆಟಗಾರರ ಚೆಂಡು ಹೆಚ್ಚಾಗಿ ಬಲಕ್ಕೆ ತಿರುಗುತ್ತದೆ. ಅಂಥವರು ಬಲತುದಿಯಲ್ಲಿ ಊರಿ ಎಡಕ್ಕೆ ಗುರಿಯಿಟ್ಟರೆ ಇಡೀ ಫೇರ್‌ವೇ ಅಗಲ ಬಳಕೆಗೆ ಸಿಗುತ್ತದೆ. ಖರ್ಚಿಲ್ಲದ ಉಪಾಯ, ಆದರೂ ಬಹಳಷ್ಟು ಮಂದಿ ನಟ್ಟನಡುವೆಯೇ ಊರುತ್ತಾರೆ. ಡ್ರೈವರ್‌ಗಿಂತ ತ್ರೀ ವುಡ್‌ನ ಮುಖ ಹೆಚ್ಚು ಓರೆ, ಸುಮಾರು 15 ಡಿಗ್ರಿ. ಹಾಗಾಗಿ ಅದರ ಚೆಂಡು ಪಕ್ಕಕ್ಕೆ ತಿರುಗುವುದೂ ಕಡಿಮೆ.

ದೂರ ಹೊಡೆಯದವರು ಆಡುವುದೇ ಬೇಡವೇ ಎಂದು ಗೆಳೆಯ ಕೇಳಿದಾಗ ನಾವು ನೆನಪಿಸಿದ್ದು ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಅವರನ್ನು. ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಅತಿ ಕಡಿಮೆ ದೂರ ಹೊಡೆಯುತ್ತಿದ್ದವರಲ್ಲಿ ಅವರೂ ಒಬ್ಬರು. ನಾಲ್ಕನೇ ಸ್ಥಾನ ಪಡೆದರು, ಪದಕ ತಪ್ಪಿದ್ದು ಒಂದೇ ಹೊಡೆತದಿಂದ.

ಸೆಟ್ ಮಾರಾಟವಾಗಲಿಲ್ಲ. ನಾಲ್ಕು ಪಾರ್-3 ಬಿಟ್ಟು ಉಳಿಯುವ 14 ಟೀಗಳಲ್ಲಿ ಅವನು ಈಗ ಆರೇಳು ಕಡೆ ಡ್ರೈವರ್ ತೆಗೆಯುತ್ತಾನೆ. ಚೆಂಡು ಆಚೆ ಹೋಗಿರಬಹುದು ಎಂಬ ಅನುಮಾನ ಬಂದರೆ ಜೊತೆಯವರಿಗೆ ‘ಪ್ರೊವಿಷನಲ್’ ಎಂದು ಹೇಳಿ ಅಲ್ಲಿಂದಲೇ ಇನ್ನೊಂದು ಹೊಡೆಯುತ್ತಾನೆ. ಹಾಗೆ ಹೇಳದೆ ಹೊಡೆದರೆ ಎರಡನೆಯದೇ ಆಟದ ಚೆಂಡಾಗಿಬಿಡುತ್ತದೆ. ಮೊದಲನೆಯದನ್ನು ಹುಡುಕಲು 2019ರಿಂದ ಸಿಗುವುದು ಮೂರೇ ನಿಮಿಷ.